ಫೆಬ್ರುವರಿಗೆ ಮನ್ಯಾಗ ಎಷ್ಟು ಮಂದಿ

ಕಿಣ್ಣಿ ಸುಲ್ತಾನ, ತಾ. ಆಳಂದ
೧೨ ಮೇ ೨೦೨೬

ಮಗಳು ವಿದ್ಯಾವತಿಗೆ ಅವ್ವನ ಆಶೀರ್ವಾದ.

ಹ್ಯಾಂಗಿದ್ದೀಬೇ? ಕಲಬುರಗಿ ಬಿಸಲಾಗ ಹೊತ್ತಿಗೆ ಸರಿ ಉಣ್ಣಾಕತ್ತೀಯೋ, ಇಲ್ಲಾ ಪಿಎಚ್‌ಡಿ ಅಂತ ಬರೇ ಚಹಾ ಕುಡಕೋತ ಆ ಜನಗಣತಿ ಪುಸ್ತಕದಾಗ ಮುಖ ಇಟ್ಟೀಯೋ? ನನ್ನ ಮೊಣಕಾಲು ಬ್ಯಾನಿ ಹಂಗೇ ಅದ. ನಿಮ್ಮಪ್ಪನೋರು ಆರಾಮದಾರ. ಫೋನ್ ಬಿಟ್ಟು ಪತ್ರ ಯಾಕ ಅಂತೀದಿ. ನನ್ನ ಫೋನು ಈಗ ನಿಮ್ಮಣ್ಣ ಗುರುಶಾಂತನ ಕಿಸೇದಾಗ ಇರ್ತದ, ರಿಪೇರಿ ಮಾಡಸ್ತೇನಿ ಅಂತ ಇಸಕೊಂಡಾನ. ಮೊನ್ನಿ ತನಕ ಚಂದ ಮಾತಾಡಿದ ಫೋನಿಗೆ ಏನು ರಿಪೇರಿ?

ಶಿವರಾತ್ರಿಗೆ ನೀ ಬಂದಾಗ ನನಗ ನಿನ್ನ ಮ್ಯಾಲೇ ಸಂಶಯ ಇತ್ತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಅಂಕಿ ಮುಂದಿಟ್ಕೊಂಡು, ಸಣ್ಣ ಹುಡುಗ್ಯಾರು ಯಾಕ ಕಡಿಮಿ ಅದಾರ ಅಂತ ಓಣಿ ತುಂಬ ಕೇಳ್ಕೋತ ಅಡ್ಡಾಡಿದಿ. ಇದನ್ನ ತಗೊಂಡು ಇಕಿ ಊರ ಮರ್ಯಾದಿ ತಗೀತಾಳ ಅಂತ ನನಗ ಸಿಟ್ಟು. ಅದು ಹಳೀ ಲೆಕ್ಕ, ನಮ್ಮ ಮಂದಿ ಮಕ್ಕಳೆಷ್ಟು ಅಂದ್ರ ಗಂಡುಮಕ್ಕಳನ್ನ ಅಷ್ಟೇ ಹೇಳ್ತಾರ, ಹುಡುಗ್ಯಾರು ಬರಸೋದ್ರಾಗ ಬಿಟ್ಟು ಹೋಗಿರ್ತಾರ ಅಂತ ಜಗಳಾಡಿದೆ. ನೀ ಸಮಾಧಾನಲೆ, "ಅವ್ವಾ, ಬರಸೋದ್ರಾಗ ಬಿಟ್ಟವರು ಸಾಲ್ಯಾಗರ ಸಿಗಬೇಕಲ್ಲ?" ಅಂದಿ. ಅವತ್ತಿನಿಂದ ಅಂಗನವಾಡಿ ಮುಂದ ಹಾದ್ರ ನನ್ನ ಕಣ್ಣು ತಾನೇ ಹುಡುಗ್ಯಾರ ಜಡಿ ಹುಡಕ್ತಾವ. ದಿನಾ ಇಷ್ಟಲಿಂಗ ಪೂಜಿ ಮಾಡೋ ಮಂದಿ ನಾವು, ನಮ್ಮಲ್ಲಿ ಅಂಥಾದ್ದೆಲ್ಲ ಇಲ್ಲ ಅಂತ ನನಗ ನಾನೇ ಹೇಳ್ಕೋತ ಬಂದೆ.

ಈಗ ಸಂಶಯ ನಮ್ಮ ಮನೀಗೇ ಬಂದದ. ನಿಮ್ಮ ವೈನಿ ಐಶ್ವರ್ಯಾಗ ಎರಡು ಹೆಣ್ಣಿನ ಮ್ಯಾಲ ಇದು ಮೂರನೇ ಬಸರು, ಐದು ತಿಂಗಳದಾಗ ಬಿದ್ದದ. ಐದರಾಗ ಕಳ್ಳ ಕುಬಸ ಮಾಡೋದು ನಮ್ಮ ಮನೀ ಪದ್ಧತಿ. ಊರಿಗೆ ಹೇಳದ, ಮನೀ ಮಟ್ಟಿಗೆ ಹಸರು ಸೀರಿ ಉಡಿಸಿ, ಹಸರು ಬಳಿ ಇಡಸೋದು. ಹಿಂದಿನ ಎರಡಕ್ಕೂ ಮಾಡೀನಿ. ಈ ಸಲ ಸೀರಿ ತರ್ತೇನಿ ಅಂದ್ರ ಗುರುಶಾಂತ, ಸೋಲಾಪುರಕ್ಕ ಹೋಗಿ ಬಂದ ಮ್ಯಾಲ ನೋಡೋಣು ಅಂತಾನ. ಯಾಕಪಾ ಅಂದ್ರ ತೋರಿಸ್ಕೊಂಡು ಬರಾಕಂತ. ಆಳಂದದಾಗ ದವಾಖಾನಿ ಇಲ್ಲೇನು? ಹೋದ ವಾರನೂ ಒಮ್ಮಿ ಹೋಗಿ ಬಂದಾರ, ಬಂದಾಗಿಂದ ಅಕಿ ಬಾಯಿ ಬಿಡವಲ್ಲಳು. ಅವ ಮಾತ್ರ ಬಹಳ ಸಿಹಿ ಆಗ್ಯಾನ, ನನಗ ಎಲಿ ಅಡಿಕಿ ತಂದು ಕೊಡ್ತಾನ. ಹುಟ್ಟಿದಾಗಿಂದ ಒಮ್ಮ್ಯಾರ ತಂದಿದ್ನೇನು?

ನಿನ್ನಿ ಲಾಡ್ಲೆಸಾಬ ಮಾಸ್ತರು ಹೊಸಾ ಗಣತಿಗಂತ ಮನಿ ಬರಕೊಳ್ಳಾಕ ಬಂದಿದ್ರು. ನಳ ಎಲ್ಲಿ, ಒಲಿ ಯಾವುದು ಅಂತೆಲ್ಲ ಕೇಳಿ ಮೊಬೈಲಿನಾಗ ಒತ್ಕೊಂಡ್ರು. ಹೋಗೋ ಮುಂದ ಐಶ್ವರ್ಯಾನ ನೋಡಿ ನಕ್ಕು, ಫೆಬ್ರುವರಿದಾಗ ಮಂದಿ ಎಣಸಾಕ ಬರ್ತೇವ್ರಿ, ಅಷ್ಟರಾಗ ಮನ್ಯಾಗ ಒಬ್ಬರು ಹೆಚ್ಚಾಗಿರ್ತಾರ ಅಂದ್ರು. ನಿಮ್ಮಣ್ಣ ಏನಂದ ಗೊತ್ತದೇನು? "ಅದು ಇನ್ನಾ ಪಕ್ಕಾ ಇಲ್ರಿ ಸರ."

ಮಾಸ್ತರು ಮೊಬೈಲ್ ಕಿಸೇದಾಗ ಇಟ್ಕೊಂಡು ಹೊಂಟ್ರು. ನಿಮ್ಮಪ್ಪ ಕೇಳೀನೂ ಕೇಳದಂಗ ಧೋತರ ಝಾಡಿಸಿ ಎದ್ದು ಹೋದ್ರು. ಅವರಿಗೂ ಗೊತ್ತದ ಅಂತ ನನಗ ಗುಮಾನಿ. ಈ ಮನ್ಯಾಗ ಈಗ ಯಾರನ್ನ ನಂಬಬೇಕು ತಿಳೀವಲ್ದು. ಗುರುಶಾಂತ ಗುರುವಾರಕ್ಕ ಸೋಲಾಪುರದ ಗಾಡಿ ಹೇಳ್ಯಾನಂತ. ನಾಳೆ ಕಲಬುರಗಿ ಬಜಾರಕ್ಕ ಬರೋ ಖಾದರಸಾಬನ ಕೈಯಾಗ ಈ ಪತ್ರ ಕಳಸ್ತೇನಿ. ಮುಟ್ಟಿದ ಕೂಡಲೇ ಹೊಂಟು ಬಾ, ನಿನ್ನ ಅಂಕಿಯೆಲ್ಲ ಅವನ ಮುಂದ ಹರವಿ ಕುಂಡ್ರು. ನನ್ನ ಮಾತು ಕೇಳಾಂಗಿಲ್ಲ, ಕಲತಾಕಿ ಮಾತರ ಕೇಳ್ಯಾನು.

ಮೈ ಕಡೆ ಲಕ್ಷ್ಯ ಇರಲಿ, ಬಿಸಲಾಗ ಬರಿದಲೀಲೆ ತಿರಗಬ್ಯಾಡ. ಬಸವಣ್ಣ ನಿನ್ನ ಕಾಯಲಿ.

ನಿನ್ನ ಅವ್ವ,
ಹೀರಾಬಾಯಿ

ತಾ.ಕ.: ಗಾಡಿ ಗುರುವಾರ ಅಲ್ಲ, ಇವತ್ತ ಸಂಜೀಕೇ ಬರ್ತದಂತ. ಐಶ್ವರ್ಯಾ ಈಗ ಅತ್ಕೋತ ಎಲ್ಲಾ ಹೇಳಿದಳು, ಸೋಲಾಪುರದಾಗ ನೋಡಿ ಹೆಣ್ಣು ಅಂದಾರಂತ. ಖಾದರಸಾಬನ ದಾರಿ ಕಾಯಾಂಗಿಲ್ಲ. ಪತ್ರ ಅಕಿ ಕೈಯಾಗೇ ಕೊಟ್ಟು ಕಲಬುರಗಿ ಬಸ್ಸಿಗೆ ಹತ್ತಸಾಕತ್ತೇನಿ. ಹುಡುಗ್ಯಾರಿಬ್ಬರೂ ನನ್ನ ಹಂತ್ಯಾಕ ಇರಲಿ. ಅಕಿನ್ನ ನಿನ್ನ ಖೋಲ್ಯಾಗ ಇಟ್ಕೋ, ಮೊದಲ ಏನರ ಉಣಸು. ಗುರುಶಾಂತ ಹುಡಕ್ಕೋತ ಬರ್ತಾನ, ಅಳ್ತಾನ, ನಿನ್ನ ಕಾಲೂ ಹಿಡೀತಾನ. ಬಾಗಲಾ ತೆಗೀಬ್ಯಾಡ. ಅವನ್ನ ಹಡದಾಕಿ ನಾನು ಹೇಳಾಕತ್ತೇನಿ.