ಬಲಗಡೆಯ ಪುಟ

ಮಾರ್ಚ್ 3, ಬೆಳಿಗ್ಗೆ

ಹದಿನೇಳು ಪದ್ಯ ಟೈಪ್ ಆಯಿತು. ಇನ್ನೂ ಇಪ್ಪತ್ತನಾಲ್ಕು. ಅಯ್ಯೋ ತೆಯೊ, ಇದು ಅಕ್ಷರವೋ, ಏಡಿ ಓಡಾಡಿದ ಗುರುತೋ! ಹರಾನಾ ವಾದ್ಯದ ತಂತಿ ಅಷ್ಟು ಚೆಂದ ಮೀಟುತ್ತಿದ್ದ ಬೆರಳಿಗೆ ಪೆನ್ನು ಹಿಡಿಯಲು ಏನು ದಾಡಿ? ನನ್ನ ತಮ್ಮ ತೆಯೊ ಜ್ವರದಲ್ಲಿ ಹೋಗಿ ಎಂಟು ತಿಂಗಳು. ನನಗೆ ಬೈಯುವ ಅಭ್ಯಾಸ ಹೋಗಿಲ್ಲ.

ಎಡಗಡೆ ಪದ್ಯ, ಬಲಗಡೆ ಖಾಲಿ. ಅವನ ಇಡೀ ನೋಟ್‌ಬುಕ್ ಹಾಗೇ. ಇದನ್ನು ಪುಸ್ತಕವಾಗಿ ಅಚ್ಚು ಹಾಕುವ ದೋನ್ ಇಲಾರಿಯೊ ಕೇಳಿದರು, "ಖಾಲಿ ಪುಟ ಯಾಕಮ್ಮಾ ಎಲ್ವಿಯಾ? ಎರಡೂ ಕಡೆ ಹಾಕಿಬಿಡೋಣ." ಹೂಂ ಅಂದೆ.

ಮಾರ್ಚ್ 6

ನನ್ನ ಮೇಲೂ ಒಂದು ಬರೆದಿದ್ದಾನೆ, ಕಳ್ಳ.

ಅಕ್ಕನ ಕೈಯ ಮೀನಿನ ಸಾರು
ಉಪ್ಪಿಲ್ಲದೆ ನದಿ ಸೇರ್ತದೆ;
ಉಪ್ಪು ಮರೆತರೆ ಮರೀಲಿ ಬಿಡಿ,
ಹಾಡೂ ಅವಳಿಗೆ ಮರೀತದೆ!

ನಕ್ಕೆ. ಆಮೇಲೆ ಅತ್ತೆ. ಊರೆಲ್ಲ ಸೇರಿ ಹಾಡಿ ಕುಣಿಯುವ ಪ್ರತಿ ಫಂದಾಂಗೊದಲ್ಲೂ, ಜನ ಹತ್ತಿ ಕುಣಿಯುವ ಹಲಗೆಯ ಪಕ್ಕ ನಿಂತು "ಅಕ್ಕಾ, ಒಂದೇ ಒಂದು ಹಾಡು" ಅನ್ನುತ್ತಿದ್ದ. ಒಂದು ಸಲವೂ ಹಾಡಲಿಲ್ಲ ನಾನು. ನಾಚಿಕೆ.

ಮಾರ್ಚ್ 11, ಮಧ್ಯಾಹ್ನ

ಪ್ರೂಫ್ ಬಂತು. ಅಜ್ಜಿ ತೀಚಾಗೆ ಓದು ಬಾರದು, ನಾನೇ ಓದಿದೆ. ಮೊದಲನೆಯದು ಮುಗಿಯುವಷ್ಟರಲ್ಲಿ ಅಜ್ಜಿ ಹೊಸ ನಾಲ್ಕು ಸಾಲು ಕಟ್ಟಿ ಹಾಡಿ, ಉತ್ತರ ಕೊಟ್ಟೇಬಿಟ್ಟಳು! ಎರಡನೆಯದಕ್ಕೂ ಅದೇ.

"ಅಜ್ಜಿ, ಸುಮ್ನೆ ಕೇಳು."

"ಸುಮ್ನೆ ಕೇಳಕ್ಕೆ ಇದೇನು ಪಾದ್ರಿ ಉಪದೇಶವೇನೇ? ಒಬ್ಬ ಹಾಡಿದ್ರೆ ಇನ್ನೊಬ್ರು ಉತ್ತರ ಕೊಡ್ಬೇಕು. ಒಬ್ನೇ ಹಾಡ್ಕೊಂಡು ಹೋದ್ರೆ ಅದು ಫಂದಾಂಗೊ ಅಲ್ಲ, ಹುಚ್ಚು."

ಅವನ ನೋಟ್‌ಬುಕ್ ತೆರೆದು ನೋಡಿದೆ. ಬಲಗಡೆಯ ಪುಟ... ಉತ್ತರಕ್ಕೆ ಬಿಟ್ಟದ್ದು. ನಲವತ್ತೊಂದಕ್ಕೂ. ಈ ಊರಲ್ಲೇ ಹುಟ್ಟಿದವಳು ನಾನು, ಉತ್ತರದ ಜಾಗ ಮುಚ್ಚಿಸಿ ಅಚ್ಚಿಗೆ ಕಳಿಸಿದೆನಲ್ಲ! ನಾಳೆಯೇ ಮುದ್ರಣ.

ಮಾರ್ಚ್ 12

ಬೆಳಗಾಗುವ ಮೊದಲೇ ಓಡಿದೆ. ದೋನ್ ಇಲಾರಿಯೊ ಹಲ್ಲುಜ್ಜುತ್ತಿದ್ದರು. ಬಲಗಡೆ ಖಾಲಿಯೇ ಬಿಡಿ ಅಂದೆ. "ಖಾಲಿ ಕಾಗದಕ್ಕೆ ಬೈಂಡ್ ಹಾಕಿದ ಅಂತ ಊರು ನಗತ್ತಮ್ಮಾ!" ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ನೊರೆ ಉಗಿದು, "ನನ್ನ ಮಗಳ ಮದುವೇಲಿ ಬೆಳಗಿನವರೆಗೂ ನುಡಿಸಿದ ಹುಡುಗ. ಆಯ್ತು, ನಗ್ಲಿ ಬಿಡು" ಅಂದರು. ವೆರಾಕ್ರೂಸ್ ನಗರದಿಂದ ಇನ್ನಷ್ಟು ಕಾಗದ ತರಿಸುತ್ತಾರಂತೆ.

ಮಾರ್ಚ್ 19, ಸಂಜೆ

ಪುಸ್ತಕ ಬಿಡುಗಡೆ. ಸಂತ ಹೊಸೆ ಅವರ ಹಬ್ಬ, ಕುಣಿಯುವ ಹಲಗೆ ಹಾಕಿದ್ದರು. ಯಾರೂ ನಗಲಿಲ್ಲ. ಪುಸ್ತಕ ಕೈಗೆ ಬಂದದ್ದೇ ತಡ, ಎಲ್ಲರೂ ಪೆನ್ನು ಕೇಳಿದರು! ಬಲಗಡೆಯ ಪುಟದಲ್ಲಿ ಉತ್ತರ ಬರೆದರು, ಹಾಡಿದರು, ಬೈದಾಡಿದರು. ದೋನ್ ಇಲಾರಿಯೊ ಕೂಡ, ಶ್ರುತಿ ಬಿಟ್ಟು. ಎಷ್ಟು ದಿನವಾಗಿತ್ತು ಇಷ್ಟು ಖುಷಿಯಾಗಿ.

ಮೀನಿನ ಸಾರಿನ ಪದ್ಯಕ್ಕೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ. "ಅದು ಎಲ್ವಿಯಾದು, ಯಾರೂ ಮುಟ್ಬೇಡಿ" ಅಂದಳಂತೆ ಅಜ್ಜಿ. ಬರೆಯಲು ಮನೆಯೊಳಗೆ ಬಂದಿದ್ದೇನೆ, ಹೊರಗಿಂದ ಕೂಗುತ್ತಿದ್ದಾಳೆ, "ಬಂದ್ಯೇನೇ?"

ಬಂದೆ ಅಜ್ಜಿ. ಬರೆದುಕೊಂಡು ಬಂದೆ, ಈ ಸಲ ಹಾಡುತ್ತೇನೆ.

ಉಪ್ಪು ಹಾಕಿ ಕಾಯ್ತಾ ಇದೀನಿ,
ತಮ್ಮಾ, ಸಾರು ಆರ್ತದೆ;
ನೀನು ಬಂದು —