ಅರವತ್ತಮೂರನೇ ಪುಟದ ಆ ಸಾಲು

ನಮ್ಮ ಮನೆ, ಊಟದ ಮೇಜು
ತಾರೀಖು ೮, ಭಾನುವಾರ ಬೆಳಿಗ್ಗೆ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತೋದು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದರೆ, ಬಂದರಿನ ಕ್ರೇನಿಗೆ ಇರೋದು ಮೆಟ್ಟಿಲಲ್ಲ ಏಣಿ ಅಂತ ಅವರಿಗೇ ಪಾಠ ಹೇಳಿ ಬಂದಿರಂತೆ. ಆ ಜಾಣತನ ನನ್ನ ಹತ್ತಿರ ನಡೆಯಲ್ಲ. ಮುಲಾಮು ದಿನಾ ಹಚ್ಚಿ. ಇಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೀವಿ. ಮಾವನ ಕೆಮ್ಮು ಇಳಿದಿದೆ, ಆದರೆ ನಾಲ್ಕು ದಿನದಿಂದ ಊಟಕ್ಕೆ ಕೂತರೆ ಎರಡು ತುತ್ತು ತಿಂದು ಎದ್ದುಬಿಡ್ತಾರೆ. ಯಾಕೆ ಅಂತ ಮುಂದೆ ಹೇಳ್ತೀನಿ. ಬಚ್ಚಲುಮನೆ ನಲ್ಲಿ ತೊಟ್ಟಿಕ್ಕೋದು ನಿಂತಿದೆ, ನಿಮ್ಮ ದೊಡ್ಡ ಸ್ಪ್ಯಾನರ್ ತಗೊಂಡು ನಾನೇ ಬಿಗಿ ಮಾಡಿದೆ. ಹೊಗಳೋದಿದ್ದರೆ ಧಾರಾಳವಾಗಿ ಹೊಗಳಿ.

ಗುರುವಾರ ಫೋನನ್ನ ಪಟ್ಟಂತ ಇಟ್ಟುಬಿಟ್ಟೆ. ತಪ್ಪು ನನ್ನದೇ. ಆದರೆ ನೀವೂ ಆ ಮಾತು ಹೇಳಬಾರದಿತ್ತು. "ಯಾರು ಓದ್ತಾರೆ ಅದನ್ನ, ಕೊಟ್ಟಾಯ್ತಲ್ಲ, ಇನ್ನು ಕೈ ತೊಳ್ಕೋ" ಅಂದಿರಿ. ಏಳು ವರ್ಷ ನಾನು ಮಾಡಿದ್ದನ್ನ ಯಾರೂ ಓದಲ್ಲ ಅಂತ ಗಂಡನೇ ಹೇಳಿದರೆ ಮೈಯೆಲ್ಲ ಉರಿಯಲ್ವಾ? ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕ್ತೀರಿ, ನಾನು ಕೂಗಾಡ್ತೀನಿ, ಮಾತು ಎಲ್ಲಿಗೋ ಹೋಗುತ್ತೆ. ಅದಕ್ಕೇ ಈ ಕಾಗದ. ಇದನ್ನ ಕೊನೆವರೆಗೂ ಓದದೆ ನಿಮಗೆ ಬೇರೆ ದಾರಿ ಇಲ್ಲ. ಮೊದಲೇ ಹೇಳಿಬಿಡ್ತೀನಿ, ಸುತ್ತಿ ಬಳಸಿ ಹೇಳೋದು ನನಗೆ ಬರಲ್ಲ: ಶುಕ್ರವಾರ ಹೋಗಿ ನನ್ನ ಪಿಎಚ್‌ಡಿ ಪ್ರಬಂಧವನ್ನ ವಾಪಸ್ ತಗೊಂಡು ಬಂದೆ. ಐದೂ ಪ್ರತಿ ಈಗ ನಿಮ್ಮ ಮಂಚದ ಕೆಳಗಿವೆ.

ಹೇಗಾಯ್ತು ಅಂತ ಕೇಳಿ. ವಿಶ್ವವಿದ್ಯಾಲಯಕ್ಕೆ ಐದು ಪ್ರತಿ ಕೊಟ್ಟ ಮೇಲೆ ಆರನೆಯದು ಮನೆಯಲ್ಲೇ ಉಳಿದಿತ್ತಲ್ಲ, ಅದನ್ನ ಮಾವ ಕೈಗೆತ್ತಿಕೊಂಡರು. ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಅವರಿಗೆ ಅಲ್ಲಿ ಅಲ್ಪವಿರಾಮ ಅಂತಲೇ ಹೆಸರಿತ್ತು ಅಂತ ನೀವೇ ಮದುವೆಯಾದ ಹೊಸದರಲ್ಲಿ ಹೇಳಿ ನಗಿಸಿದ್ದಿರಿ. ಗಣಿತದ ಗಂಧವೂ ಇಲ್ಲ, ಆದರೂ ಸೊಸೆ ಬರೆದದ್ದು ಅಂತ ಕಿಟಕಿ ಹತ್ತಿರ ಕುರ್ಚಿ ಹಾಕ್ಕೊಂಡು ಮೊದಲ ಪುಟದಿಂದ ಶುರು ಮಾಡಿದರು. ಕೈಯಲ್ಲಿ ಕೆಂಪು ಪೆನ್ಸಿಲ್ಲು, ಅದಿಲ್ಲದೆ ಅವರಿಗೆ ಓದಕ್ಕೇ ಬರಲ್ಲ. ಅಚ್ಚಾಗಿ, ಬೈಂಡಾಗಿ, ಕೊಟ್ಟೂ ಆಗಿದೆ ಮಾವ, ಇನ್ನು ತಿದ್ದಿ ಏನು ಪ್ರಯೋಜನ ಅಂದೆ. ಅಭ್ಯಾಸ ಕಣಮ್ಮ ಅಂದರು. ಮಂಗಳವಾರ ಮಧ್ಯಾಹ್ನ ಒಂದು ಚೀಟಿ ತಂದು ಕೊಟ್ಟರು. ಅಚ್ಚಿನ ತಪ್ಪು ಒಂಬತ್ತು ಅಂತ ಬರೆದು, ಕೆಳಗೆ, "ಸ್ಪಷ್ಟವಾಗಿ ಎಂಬ ಪದ ನಲವತ್ತೊಂದು ಸಲ ಬಂದಿದೆ, ಅತಿಯಾಯಿತು" ಅಂತ ಬರೆದಿದ್ದರು.

ಗಣಿತ ಬರೆಯೋರೆಲ್ಲ ಹಾಗೇ ಬರೆಯೋದು ಮಾವ, ಒಂದು ಮಾತು ತಾನಾಗೇ ಗೊತ್ತಾಗೋ ಹಾಗಿದ್ದರೆ ಕಾರಣ ಕೊಡೋದಿಲ್ಲ, "ಸ್ಪಷ್ಟವಾಗಿ" ಅಂತ ಹಾಕಿ ಮುಂದೆ ಹೋಗ್ತೀವಿ ಅಂದೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, "ಸ್ಪಷ್ಟ ಅಂದರೆ ಯಾರಿಗಮ್ಮ?" ಅಂದರು ನೋಡಿ, ನನಗೆ ರೇಗಿಹೋಯ್ತು. ನಲವತ್ತನಾಲ್ಕು ವರ್ಷದ ಹೆಂಗಸು, ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡ್ತಿದ್ದೀನಿ, ನನ್ನನ್ನೇ ಕೇಳ್ತಾರಲ್ಲ ಅಂತ. ತೋರಿಸಿಬಿಡ್ತೀನಿ ಇರಿ ಅಂತ ಪೆನ್ನು ತಗೊಂಡು ಒಂದೊಂದರ ಪಕ್ಕದಲ್ಲೂ ಕಾರಣ ಬರೀತಾ ಹೋದೆ. ಕೆಲವಕ್ಕೆ ಅರ್ಧ ಸಾಲು, ಕೆಲವಕ್ಕೆ ಎರಡು ಸಾಲು. ಅರವತ್ತಮೂರನೇ ಪುಟಕ್ಕೆ ಬಂದೆ. ಪೆನ್ನು ಕಾಗದದ ಮೇಲೆ ಇಟ್ಟೆ, ಏನೂ ಬರಲಿಲ್ಲ. ಇದು ತೀರಾ ಸುಲಭ ಅಂತಲೇ ಹೊಳೀತಿಲ್ಲ, ಆಮೇಲೆ ನೋಡೋಣ ಅಂತ ಬಿಟ್ಟು ಉಳಿದದ್ದೆಲ್ಲ ಮುಗಿಸಿದೆ. ನಲವತ್ತಕ್ಕೆ ಕಾರಣ ಸಿಕ್ಕಿತು, ಅದೊಂದಕ್ಕೆ ಸಿಗಲಿಲ್ಲ.

ಏನದು ಅಂತ ನಿಮಗೂ ತಿಳೀಬೇಕು, ಇಲ್ಲಾಂದರೆ ನಾನು ಸುಮ್ಮಸುಮ್ಮನೆ ತಲೆ ಕೆಡಿಸ್ಕೊಂಡಿದ್ದೀನಿ ಅಂತಲೇ ಅಂದುಕೊಳ್ತೀರಿ. ನನ್ನ ಕೆಲಸ ಚುಕ್ಕಿ ಮತ್ತು ಗೆರೆಗಳ ಬಲೆಗಳದ್ದು, ಅದು ನಿಮಗೆ ಗೊತ್ತು. ಗೆರೆ ಸೇರಿಸಿದ ಎರಡು ಚುಕ್ಕಿಗೆ ಒಂದೇ ಬಣ್ಣ ಬರಬಾರದು, ಹಾಗೆ ಬಣ್ಣ ಹಚ್ಚಬೇಕು. ನಾನು ಆರಿಸಿಕೊಂಡ ಒಂದು ಬಗೆಯ ಬಲೆಗೆ, ಅದು ಎಷ್ಟೇ ದೊಡ್ಡದಿರಲಿ, ನಾಲ್ಕೇ ಬಣ್ಣ ಸಾಕು ಅನ್ನೋದು ನನ್ನ ಪ್ರಮೇಯ. ಸಾಧಿಸೋ ದಾರಿ ಇಷ್ಟು: ಬಲೆಯಿಂದ ಒಂದು ಚುಕ್ಕಿ ಕಿತ್ತು ಪಕ್ಕಕ್ಕಿಡು, ಉಳಿದದ್ದು ಅದೇ ಬಗೆಯ ಚಿಕ್ಕ ಬಲೆ, ಅದಕ್ಕೆ ಬಣ್ಣ ಹಚ್ಚು, ಆಮೇಲೆ ಕಿತ್ತ ಚುಕ್ಕಿಯನ್ನ ವಾಪಸ್ ಇಟ್ಟು ಅಕ್ಕಪಕ್ಕದಲ್ಲಿಲ್ಲದ ಬಣ್ಣ ಕೊಡು. ಹೀಗೆ ಒಂದೊಂದೇ ಮೆಟ್ಟಿಲು ಇಳೀತಾ ತೀರಾ ಚಿಕ್ಕ ಬಲೆಗೆ ಬಂದರೆ ಕೆಲಸ ಮುಗೀತು. ಅರವತ್ತಮೂರನೇ ಪುಟದಲ್ಲಿ ನಾನು ಬರೆದದ್ದು, "ಸ್ಪಷ್ಟವಾಗಿ, ಸರಿಯಾದ ಚುಕ್ಕಿ ಆರಿಸಿ ಕಿತ್ತರೆ ಉಳಿದ ಬಲೆಯೂ ಅದೇ ಬಗೆಯದು." ಬುಧವಾರ ಬೆಳಿಗ್ಗೆ ಗೋಡೆ ಕ್ಯಾಲೆಂಡರಿನ ಹಳೇ ಹಾಳೆ ಹಿಂದೆ ಗೀಚ್ತಾ ಗೀಚ್ತಾ ಹನ್ನೊಂದು ಚುಕ್ಕಿಯ ಒಂದು ಬಲೆ ಸಿಕ್ಕಿತು. ಹನ್ನೊಂದರಲ್ಲಿ ಯಾವ ಚುಕ್ಕಿ ಕಿತ್ತರೂ ಉಳಿದದ್ದು ಬೇರೆ ಬಗೆ ಆಗಿಬಿಡುತ್ತೆ. ಅದಕ್ಕೆ ನಾಲ್ಕು ಬಣ್ಣ ಸಾಕಾಗುತ್ತೆ, ಹಚ್ಚಿ ನೋಡಿದೆ. ಅಂದರೆ ಪ್ರಮೇಯ ನಿಜ ಇರಬಹುದು, ನಾನು ಕೊಟ್ಟ ಸಾಧನೆ ಮಾತ್ರ ನಿಲ್ಲಲ್ಲ. ನಾಲ್ಕನೇ ಅಧ್ಯಾಯ ಬಿತ್ತು, ಅದರ ಮೇಲೆ ನಿಂತಿದ್ದ ಐದನೆಯದೂ ಬಿತ್ತು.

ಅವತ್ತೇ ಗೈಡ್ ಮೇಡಂ ಹತ್ತಿರ ಓಡಿದೆ. ಅವರು ಕ್ಯಾಲೆಂಡರ್ ಹಾಳೆಯನ್ನ ಮೇಜಿನ ಮೇಲೆ ಹರಡಿಕೊಂಡರು. ಒಂದೊಂದೇ ಚುಕ್ಕಿಯನ್ನ ಹೆಬ್ಬೆರಳಿನಲ್ಲಿ ಮುಚ್ಚಿ ಮುಚ್ಚಿ ನೋಡಿದರು, ಹನ್ನೊಂದನ್ನೂ. ಆಮೇಲೆ, ಆ ಸಾಲನ್ನ ನಾನೂ ನಾಲ್ಕು ಸಲ ಓದಿದ್ದೀನಿ, ನಾಲ್ಕು ಸಲವೂ ತಲೆಯಾಡಿಸಿದ್ದೀನಿ ಅಂದರು. ದೊಡ್ಡ ಮನಸ್ಸು ಅವರದ್ದು, ಸುಳ್ಳು ಹೇಳಬಾರದು. ಮತ್ತೆ ಅವರೇ ಬಿಡಿಸಿ ಹೇಳಿದರು: ಪ್ರತಿಗಳು ಇನ್ನೂ ಆಫೀಸಿನಲ್ಲೇ ಇವೆ, ಪರೀಕ್ಷಕರಿಗೆ ಹೋಗೋದು ಸೋಮವಾರ. ಹೋದರೆ ಅವರ ಕಣ್ಣಿಗೂ ಇದು ಬೀಳೋದು ಅನುಮಾನ. ವಾಪಸ್ ತಗೊಂಡರೆ ಒಂದೇ ಒಂದು ಸಲ, ಒಂದು ವರ್ಷದ ಅವಧಿ ಸಿಗಬಹುದು, ಅದರೊಳಗೆ ಆಗದಿದ್ದರೆ ಏಳು ವರ್ಷವೂ ಹೋದ ಹಾಗೆ. ನೀನು ಯಾವುದು ಮಾಡಿದರೂ ನಾನು ಸಹಿ ಹಾಕ್ತೀನಿ, ಆದರೆ ನಿನ್ನ ಪರವಾಗಿ ತೀರ್ಮಾನ ಮಾಡಲ್ಲ ಅಂದರು. ಆ ತೀರ್ಮಾನ ಹೊತ್ತುಕೊಂಡೇ ನಾನು ನಿಮಗೆ ಫೋನ್ ಮಾಡಿದ್ದು. ನೀವು ಕೈ ತೊಳ್ಕೋ ಅಂದಿರಿ.

ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಹೋದ ವರ್ಷ ಬಂದರಿನಲ್ಲಿ ಹಡಗು ಕಾಯ್ತಾ ನಿಂತಿದ್ದಾಗ, ಒಂದು ಬೋಲ್ಟ್ ನೋಡಿಲ್ಲ ಅಂತ ನೀವು ಇಡೀ ಕ್ರೇನನ್ನ ನಿಲ್ಲಿಸಿದ್ದಿರಲ್ಲ? ಮೇಲಿನವರು ಬೈದರು, ಕೂಲಿಯವರು ಗೊಣಗಿದರು, ನೀವು ಜಪ್ಪಯ್ಯ ಅನ್ನಲಿಲ್ಲ. ನೋಡದೆ ಸಹಿ ಹಾಕಲ್ಲ ಅಂದಿರಿ. ಅವತ್ತು ರಾತ್ರಿ ಊಟ ಮಾಡ್ತಾ ನಾನು ಮಾವನಿಗೆ ಅದನ್ನ ಎಷ್ಟು ಜಂಬದಿಂದ ಹೇಳಿದೆ ಗೊತ್ತಾ? ನಿಮಗೊಂದು ನ್ಯಾಯ ನನಗೊಂದು ನ್ಯಾಯವಾ? ನನ್ನ ಬಲೆ ಮುರಿದುಬಿದ್ದರೆ ಯಾರ ತಲೆಯೂ ಒಡೆಯಲ್ಲ, ನಿಜ. ಆದರೆ ನಾಳೆ ಯಾರೋ ಒಬ್ಬಳು ನನ್ನ ಐದನೇ ಅಧ್ಯಾಯ ನಂಬಿಕೊಂಡು ಅವಳ ಏಳು ವರ್ಷ ಅದರ ಮೇಲೆ ಇಡ್ತಾಳೆ. ಅವಳಿಗೆ ನಾನು ಏನಂತ ಹೇಳಲಿ? ಅದಕ್ಕಿಂತ ಮುಂಚೆ ನನಗೆ ನಾನೇ ಏನಂತ ಹೇಳ್ಕೊಳ್ಳಲಿ?

ಶುಕ್ರವಾರ ಆಫೀಸಿನಲ್ಲಿ ನಡೆದದ್ದು ನೀವು ನೋಡಬೇಕಿತ್ತು. ಪ್ರಬಂಧ ವಿಭಾಗದ ಗುಮಾಸ್ತರು ನಾನು ಹೇಳಿದ್ದನ್ನ ಮೂರು ಸಲ ಕೇಳಿಸ್ಕೊಂಡರು. ಕೊಡೋಕೆ ಅರ್ಜಿ ಇದೆ, ತಡವಾಗಿ ಕೊಡೋಕೂ ಅರ್ಜಿ ಇದೆ, ವಾಪಸ್ ತಗೊಳ್ಳೋಕೆ ಅರ್ಜಿ ಇಲ್ಲಮ್ಮ, ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳಿಲ್ಲ ಅಂದರು. ಬಿಳಿ ಹಾಳೆ ಕೊಡಿ ಅಂದೆ. ನಾಲ್ಕನೇ ಅಧ್ಯಾಯದಲ್ಲಿ ತಪ್ಪಿದೆ, ತಪ್ಪು ನನ್ನದು, ಸರಿಮಾಡಿ ಕೊಡ್ತೀನಿ, ಒಂದು ವರ್ಷ ಬೇಕು ಅಂತ ನಾಲ್ಕು ಮಾತು ಬರೆದೆ. ಅವರು ಓದಿ, ಪಾಪ, ನನ್ನನ್ನ ಕೂರಿಸಿ ನೀರು ಕೊಟ್ಟರು, ಮನೆಯಲ್ಲಿ ಏನಾದರೂ ತೊಂದರೆಯಾ ಅಂತ ಮೆಲ್ಲಗೆ ವಿಚಾರಿಸಿದರು. ಐದು ಪ್ರತಿ ಎರಡೂ ಕೈಯಲ್ಲಿ ಅವುಚಿಕೊಂಡು ಬಸ್ಸಿನಲ್ಲಿ ನಿಂತೇ ಬಂದೆ. ಭುಜ ಇನ್ನೂ ನೋಯ್ತಿದೆ.

ಮಾವನ ವಿಷಯ ಹೇಳಬೇಕಿತ್ತು. ತಾನು ಆ ಚೀಟಿ ಕೊಡದಿದ್ದರೆ ಸೊಸೆ ಇನ್ನು ಕೆಲವೇ ತಿಂಗಳಲ್ಲಿ ಡಾಕ್ಟರಾಗ್ತಿದ್ದಳು, ಮಗ ಸೊಸೆ ಒಂದೇ ಸೂರಿನಡಿ ಇರ್ತಿದ್ದರು ಅಂತ ಕೊರಗ್ತಿದ್ದಾರೆ. ಪೇಪರ್ ಓದೋದೂ ಬಿಟ್ಟಿದ್ದಾರೆ. ನಿನ್ನೆ ಅವರ ಮುಂದೆ ಕೂತು ಹೇಳಿದೆ: ಮಾವ, ಏಳು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದಿರಿ, ಮುಂದಿನ ಪ್ರತಿಯಲ್ಲಿ ವಂದನೆಗಳ ಪುಟದಲ್ಲಿ ನಿಮ್ಮದೇ ಮೊದಲ ಸಾಲು. ಅದಕ್ಕವರು, ಹಾಗಾದರೆ ಆ ಪುಟದ ಕರಡು ನಾನೇ ನೋಡ್ತೀನಿ ಅಂದರು. ಸ್ವಲ್ಪ ನಕ್ಕರು ಅಂತ ಕಾಣುತ್ತೆ. ನೀವೂ ಅವರಿಗೆ ಒಂದು ಫೋನ್ ಮಾಡಿ, ದಯವಿಟ್ಟು.

ಈಗ ಕಷ್ಟದ ಮಾತು. ಪ್ರಬಂಧ ಕೊಟ್ಟ ಮೇಲೆ ನಾನೂ ಮಾವನೂ ನಿಮ್ಮ ಹತ್ತಿರ ಬರೋದು ಅಂತ ಎರಡು ವರ್ಷದ ಹಿಂದೆ ಮಾತಾಗಿತ್ತು. ನೀವು ಎರಡು ಕೋಣೆಯ ಮನೆ ಹಿಡಿದಿರಿ, ಯಾವ ಕೋಣೆಗೆ ಬಿಸಿಲು ಬರುತ್ತೆ ಅಂತ ಗಂಟೆಗಟ್ಟಲೆ ಹೇಳಿದಿರಿ, ಮಾವನಿಗೆ ಎತ್ತರದ ಕುರ್ಚಿಯೂ ತಂದಿಟ್ಟಿರಿ. ನಾನು ಕಾಲೇಜಿಗೆ ರಾಜೀನಾಮೆ ಕೊಟ್ಟಾಯ್ತು. ಈಗ ಪ್ರತಿ ಶನಿವಾರ ಮೇಡಂ ಮುಂದೆ ಕೂರಬೇಕು, ಲೈಬ್ರರಿ ಇರೋದು ಇಲ್ಲೇ, ಹಾಗಾಗಿ ಇನ್ನೊಂದು ವರ್ಷ ನೀವು ಅಲ್ಲಿ, ನಾವು ಇಲ್ಲಿ. ರಾಜೀನಾಮೆ ವಾಪಸ್ ತಗೋತೀನಿ ಅಂತ ಪ್ರಿನ್ಸಿಪಾಲರಿಗೆ ನಾಳೆ ಹೇಳಬೇಕು. ನೀವು ಗುರುವಾರ ಹಾಗಂದಿದ್ದು ಗಣಿತದ ಮೇಲಿನ ಸಿಟ್ಟಿಗಲ್ಲ, ಒಬ್ಬರೇ ಇದ್ದೂ ಇದ್ದೂ ಸಾಕಾಗಿದೆ ಅಂತ. ಫೋನ್ ಇಟ್ಟ ಐದು ನಿಮಿಷಕ್ಕೇ ಅರ್ಥವಾಯ್ತು. ನನಗೂ ಸಾಕಾಗಿದೆ ಕಣ್ರೀ. ಭಾನುವಾರ ಬಂತು ಅಂದರೆ ಮನೆ ಹಿಡಿಸೋದೇ ಇಲ್ಲ. ನಿಮ್ಮ ಗೊರಕೆಯನ್ನ ಬೈಯೋಕಾದರೂ ನೀವು ಪಕ್ಕದಲ್ಲಿ ಬೇಕು ಅನ್ಸುತ್ತೆ. ಇದನ್ನ ಓದಿ ಉಬ್ಬಿಹೋಗಬೇಡಿ.

ಆದರೆ ಬಿಡಲ್ಲ. ಕೆಲಸ ಶುರು ಮಾಡಿದ್ದೀನಿ. ಚುಕ್ಕಿ ಕಿತ್ತು ಹಾಕೋದರ ಬದಲು, ನಡುವೆ ಗೆರೆ ಇಲ್ಲದ ಎರಡು ಚುಕ್ಕಿಗಳನ್ನ ಎಳೆದು ತಂದು ಒಂದೇ ಮಾಡಿದರೆ ಹೇಗೆ ಅಂತ ನಿನ್ನೆ ಹೊಳೀತು. ಆಗಲೂ ಬಲೆ ಚಿಕ್ಕದಾಗುತ್ತೆ, ಬಣ್ಣವೂ ಕೆಡಲ್ಲ. ಹನ್ನೊಂದು ಚುಕ್ಕಿಯ ಆ ಹಾಳು ಬಲೆಯಲ್ಲಿ ಮಾಡಿ ನೋಡಿದೆ, ಉಳಿದದ್ದು ನನ್ನ ಬಗೆಯದೇ ಆಯ್ತು! ಎಲ್ಲ ಬಲೆಗೂ ಹೀಗೇ ಆಗುತ್ತಾ ಗೊತ್ತಿಲ್ಲ. ಆರು ತಿಂಗಳು ಹಿಡಿಯಬಹುದು, ವರ್ಷವೂ ಹಿಡಿಯಬಹುದು, ಆಗದೆಯೂ ಹೋಗಬಹುದು. ಮಾಡೇ ತೀರ್ತೀನಿ ಅಂತ ಮಾತ್ರ ಕೂತಿದ್ದೀನಿ. ಬೈಯೋದಿದ್ದರೆ ಕಾಗದದಲ್ಲಿ ಬೈಯಿರಿ, ನಾನೂ ಕೊನೆವರೆಗೆ ಓದ್ತೀನಿ.

ಮಾವ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಏಣಿ ಹತ್ತೋವಾಗ ಎರಡೂ ಕೈ ಹಿಡ್ಕೊಂಡು ಹತ್ತಿ.

ಇಷ್ಟೆಲ್ಲ ಆದರೂ ನಿಮ್ಮವಳೇ ಆದ,
ಹಠಮಾರಿ

ತಾ.ಕ. ಮಂಗಳವಾರ, ಪೋಸ್ಟಾಫೀಸಿನ ಮೇಜಿನ ಮೇಲೆ ನಿಂತೇ ಬರೀತಿದ್ದೀನಿ, ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸಿ. ಒಂದು ವರ್ಷದ ಅವಧಿ ಮಂಜೂರಾಯ್ತು. ಈಗಷ್ಟೇ ಆಫೀಸಿಗೆ ಹೋಗಿ ತಡವಾಗಿ ಕೊಡೋ ಅರ್ಜಿ ತುಂಬಿ ಬಂದೆ. ಅದರಲ್ಲಿ, "ಈ ಅವಧಿಯಲ್ಲಿ ಅಭ್ಯರ್ಥಿ ವಾಸಿಸುವ ವಿಳಾಸ" ಅಂತ ಒಂದು ಕಾಲಂ ಇತ್ತು. ಈ ಊರಿನದ್ದೇ ಆಗಬೇಕಾ ಅಂತ ಗುಮಾಸ್ತರನ್ನ ಕೇಳಿದೆ. ವಿಳಾಸ ಅಂತ ಮಾತ್ರ ಇದೆಯಮ್ಮ, ಯಾವ ಊರು ಅಂತ ಇಲ್ಲ ಅಂದರು. ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದೆ. ಶನಿವಾರ ನಿನ್ನ ಮುಖ ನೋಡಿ ನನಗೇನಾಗಬೇಕು, ಬರೆದ ಪುಟ ಅಂಚೆಯಲ್ಲಿ ಬಂದರೆ ಸಾಕು, ಲೈಬ್ರರಿಯಿಂದ ಏನು ಬೇಕೋ ನಾನೇ ಕಳಿಸ್ತೀನಿ ಅಂದರು. ಎರಡು ವರ್ಷದಿಂದ ಇದನ್ನ ಯಾರನ್ನೂ ಕೇಳೇ ಇರಲಿಲ್ಲವಲ್ಲ ನಾವು! ಪ್ರಿನ್ಸಿಪಾಲರಿಗೂ ಫೋನ್ ಮಾಡಿ, ನಿನ್ನೆ ಹೇಳಿದ್ದು ಬಿಡಿ, ರಾಜೀನಾಮೆ ಹಾಗೇ ಇರಲಿ ಅಂದೆ. ಮನೆಗೂ ಫೋನ್ ಮಾಡಿದೆ, ಮಾವ ಆಗಲೇ ಪೆಟ್ಟಿಗೆ ಕೆಳಗಿಳಿಸ್ತಿದ್ದಾರೆ. ಆ ಕಾಲಮ್ಮಿನಲ್ಲಿ ನಿಮ್ಮ ಮನೆ ವಿಳಾಸ ಬರೆದಿದ್ದೀನಿ, ನಿಮ್ಮನ್ನ ಕೇಳಲಿಲ್ಲ. ಇಪ್ಪತ್ತೊಂಬತ್ತಕ್ಕೆ ಸಂಜೆ ರೈಲಿಗೆ ಬರ್ತೀವಿ, ಸ್ಟೇಷನ್ನಿಗೆ ಬನ್ನಿ.