ಮಕ್ಕಳ ಕಿವಿ ಪರೀಕ್ಷೆಯ ಕೋಣೆಯಲ್ಲಿ ಸೋಫಾ ಹಾಕಿಸಿದ ಮಾನ್ಯರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಸಮಸ್ತ ನಾಗರಿಕರ ಗಮನಕ್ಕೆ ಪರಮ ಹರ್ಷದಿಂದ ತರುವುದೇನೆಂದರೆ, ನಮ್ಮ ಸರ್ಕಾರಿ ಆಸ್ಪತ್ರೆಯ ಮೊದಲ ಮಹಡಿಯಲ್ಲಿರುವ ಸೋಫಾಕ್ಕೆ ಹೊಸ ಕವರು ಬಂದಿದೆ. ಬಣ್ಣ ಮರೂನು, ಅಂಚಿಗೆ ಬಂಗಾರದ ದಾರ. ಅದರ ಮೇಲೆ ಕುಳಿತ ಅನುಭವ ತಮಗೊಬ್ಬರಿಗೇ ಇರುವುದರಿಂದ ಮೆತ್ತಗಿದೆಯೋ ಇಲ್ಲವೋ ಎಂಬುದನ್ನು ತಾವೇ ಘೋಷಿಸಬೇಕು. ನನ್ನ ತಕರಾರು ಸೋಫಾದ ಬಗ್ಗೆ ಅಲ್ಲ, ಅದು ಕೂತಿರುವ ಕೋಣೆಯ ಬಗ್ಗೆ. ಆ ಕೋಣೆಯನ್ನು ಕಟ್ಟಿಸಿದ್ದು ಎಳೆಯ ಮಕ್ಕಳ ಕಿವಿ ಪರೀಕ್ಷಿಸುವುದಕ್ಕೆ. ದಪ್ಪ ಗೋಡೆ, ಗೋಡೆಗೆ ಸ್ಪಂಜಿನ ಹೊದಿಕೆ, ಜೋಡಿ ಬಾಗಿಲು. ಹೊರಗೆ ಆಕಾಶವೇ ಕಳಚಿ ಬಿದ್ದರೂ ಒಳಗಿನವರಿಗೆ ಗೊತ್ತಾಗದು. ಈಗ ಒಳಗೆ ತಾವಿದ್ದೀರಿ. ಮಕ್ಕಳ ಕಿವಿ ಪರೀಕ್ಷೆ ಹೊರಗೆ ಕಾರಿಡಾರಿನಲ್ಲಿ ನಡೆಯುತ್ತಿದೆ.

ತಪ್ಪೆನ್ನಲು ನಾನ್ಯಾರು? ಊರಿಗೆಲ್ಲ ಆರೋಗ್ಯ ಹಂಚುವವರಿಗೆ ಊಟವಾದ ಮೇಲೆ ಅರೆಗಳಿಗೆ ಕಣ್ಣು ಮುಚ್ಚಲು ಜಾಗ ಬೇಡವೇ? ಮಕ್ಕಳಿಗೇನು, ಕಿವಿ ಎರಡಿವೆ. ತಮಗಿರುವುದು ಒಂದೇ ನಿದ್ದೆ.

ಆದರೂ ನನ್ನ ತಂಗಿಯ ಮಗಳ ವಿಷಯ ಹೇಳಿಬಿಡುತ್ತೇನೆ. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಚೂಟಿ ಎಂದು. ಭಾವನದು ಮೋಟಾರ್ ರಿಪೇರಿ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ರಿಪೇರಿಯಾದ ಪಂಪಿನ ಮೋಟಾರು ಅಲ್ಲಿ ಕಿರುಚಿಕೊಂಡು ತಿರುಗಿದರೆ ಪಕ್ಕದ ಮನೆಯ ಪಾತ್ರೆಗಳು ಅಲುಗುತ್ತವೆ. ಚೂಟಿ ಕೂಸಾಗಿದ್ದಾಗ ಅದರ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದಳು.

"ಏನ್ರೀ ಇದು, ಮಗು ಏಳೋದೇ ಇಲ್ವಾ?" ಎಂದು ಗಿರಾಕಿಗಳು ಬೆರಗಾದರೆ ಭಾವನ ಎದೆ ಉಬ್ಬುತ್ತಿತ್ತು. "ಮೋಟಾರ್ ರಿಪೇರಿಯವನ ಮಗಳು ಸ್ವಾಮಿ. ಇದೇ ಅವಳಿಗೆ ಜೋಗುಳ."

ತಂಗಿಗೆ ಮಾತ್ರ ಎಲ್ಲೋ ಒಂದು ಅಳುಕು. ವರ್ಷ ಎರಡು ತುಂಬಿದರೂ ಮಗು "ಅಮ್ಮ" ಅಂದಿರಲಿಲ್ಲ. ಅವಳತ್ತೆ ಗದರಿದರು: "ಸುಮ್ನಿರೇ, ಇವಳಪ್ಪನೂ ತಡವಾಗೇ ಬಾಯಿ ಬಿಟ್ಟಿದ್ದು. ಬಿಟ್ಟ ಮೇಲೆ ಮುಚ್ಚಿದ್ದನ್ನ ನೀನು ನೋಡಿದ್ದೀಯಾ?" ಆದರೂ ತಂಗಿ ಭಾವನನ್ನೂ ನನ್ನನ್ನೂ ಎಳೆದುಕೊಂಡು ತಮ್ಮ ಆಸ್ಪತ್ರೆಗೆ ಬಂದಳು.

ಪರೀಕ್ಷೆ ಮಾಡುವ ಮೇಡಂ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ ನಿಟ್ಟುಸಿರಿಟ್ಟರು. "ಮಿಷಿನ್ ಇಟ್ಟು ನೋಡಬೇಕಿತ್ತು. ಈ ಗದ್ದಲದಲ್ಲಿ ಅದು ಕೆಲಸ ಮಾಡಲ್ಲ. ಒಳಗೆ ಸಾಹೇಬ್ರಿದ್ದಾರೆ. ಗಿಲಕಿಯಲ್ಲೇ ನೋಡೋಣ."

ಚೂಟಿಯನ್ನು ತಾಯಿಯ ಎದುರಿಗೆ ಕೂರಿಸಿದರು. ಮೇಡಂ ಮಗುವಿನ ಹಿಂದೆ ನಿಂತು ಬಲಗಡೆ ಗಿಲಕಿ ಆಡಿಸಿದರು. ಮಗು ಬಲಕ್ಕೆ ತಿರುಗಿತು. ಎಡಗಡೆ ಆಡಿಸಿದರು, ಎಡಕ್ಕೆ ತಿರುಗಿತು. ಭಾವ ಶಿಳ್ಳೆ ಹೊಡೆಯುವುದೊಂದು ಬಾಕಿ. ಚೀಟಿಯ ಮೇಲೆ "ಕಿವಿ ಚೆನ್ನಾಗಿದೆ" ಎಂಬ ಮೊಹರು ಬಿತ್ತು.

ನಡೆದದ್ದೇನು ಗೊತ್ತೇ ಮಾನ್ಯರೇ? ಗಿಲಕಿ ಬಲಕ್ಕೆ ಹೋದಾಗಲೆಲ್ಲ ತಂಗಿಯ ಕಣ್ಣು ಬಲಕ್ಕೆ ಹೋಗುತ್ತಿತ್ತು, ಎಡಕ್ಕೆ ಹೋದಾಗ ಎಡಕ್ಕೆ. ಯಾವ ತಾಯಿಯ ಕಣ್ಣು ಹೋಗುವುದಿಲ್ಲ ಹೇಳಿ? ಹುಟ್ಟಿದಂದಿನಿಂದ ಜಗತ್ತನ್ನು ಆ ಮುಖದಲ್ಲೇ ಓದಿಕೊಂಡಿದ್ದ ಕೂಸು ಅದನ್ನೂ ಓದಿತು. ಒಂದು ಸದ್ದೂ ಕೇಳಿಸದೆ ಕೇಳುವ ಪರೀಕ್ಷೆಯಲ್ಲಿ ನೂರಕ್ಕೆ ನೂರು! ಇಂಥ ಮೇಧಾವಿಯನ್ನು ಬೇರೆ ಯಾವ ದೇಶ ಹೆತ್ತಿದೆ?

ಮೊಹರಿನ ಮಾತನ್ನು ನಂಬಿ ಎರಡು ವರ್ಷ ಕಾದೆವು. ಕಡೆಗೆ ಬೇರೊಂದು ಊರಿನಲ್ಲಿ, ಸೋಫಾ ಇಲ್ಲದ ಕೋಣೆಯಲ್ಲಿ, ವೈದ್ಯರೊಬ್ಬರು ತಂಗಿಯನ್ನು ಮಗುವಿನ ಬೆನ್ನ ಹಿಂದೆ ಕೂರಿಸಿ ಸದ್ದು ಹೊರಡಿಸಿದರು. ಸದ್ದು ಏರಿತು, ಇನ್ನೂ ಏರಿತು. ನಾನು ಕಿವಿ ಮುಚ್ಚಿಕೊಂಡೆ. ಚೂಟಿ ತನ್ನ ಫ್ರಾಕಿನ ಗುಂಡಿಯನ್ನು ತಿರುಗಿಸುತ್ತ ಕೂತಿದ್ದಳು.

"ಎರಡು ವರ್ಷದ ಹಿಂದೆ ಕರ್ಕೊಂಡು ಬಂದಿದ್ರೆ..." ಎಂದು ವೈದ್ಯರು ನಿಲ್ಲಿಸಿದರು. ನಾನೂ ನಾಲ್ಕಕ್ಷರ ಬರೆದು ಹೊಟ್ಟೆ ಹೊರೆಯುವವನು. ವಾಕ್ಯವನ್ನು ಎಲ್ಲಿ ನಿಲ್ಲಿಸಿದರೆ ಓದುಗನಿಗೆ ನಾಟುತ್ತದೆಂದು ಬಲ್ಲೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ನಿಲ್ಲಿಸಿಲ್ಲ. ಆಮೇಲೆ ಅವರು ಮೆಲ್ಲಗೆ ವಿವರಿಸಿದರು: ಕಿವಿಗೆ ಯಂತ್ರ ಹಾಕಬಹುದು, ಒಂದಷ್ಟು ಮಾತು ಬಂದೀತು. ಆದರೆ ಮಾತು ತಲೆಯೊಳಗೆ ಬೇರು ಬಿಡುವ ಕಾಲವೊಂದಿದೆ, ಅದರ ಬಹುಪಾಲು ಕಳೆದುಹೋಗಿದೆ.

ಬಸ್ಸಿಳಿದ ಮೇಲೆ ತಂಗಿ ಅಂದಳು: "ಅಣ್ಣಾ, ನಾನೇ ಕಣ್ಣಲ್ಲಿ ಉತ್ತರ ಹೇಳ್ಕೊಟ್ಟುಬಿಟ್ಟೆನಲ್ಲೋ." ಊರನ್ನೆಲ್ಲ ನಗಿಸುವವನೆಂದು ಹೆಸರಾದ ನಾನು ಚೂಟಿಯನ್ನು ಎತ್ತಿಕೊಂಡು ಮುಂದೆ ನಡೆದೆ. ತಂಗಿಗೆ ಕೊಡುವ ಉತ್ತರ ತಮಗೇನಾದರೂ ಹೊಳೆದರೆ ಬರೆದು ಕಳಿಸಿ, ಅವಳಿಗೆ ಓದಿ ಹೇಳುತ್ತೇನೆ.

ಇದನ್ನೆಲ್ಲ ಹೇಳಲು ತಮ್ಮಲ್ಲಿಗೂ ಬಂದಿದ್ದೆ. ಬಹಳ ಹೊತ್ತು ಬಾಗಿಲು ತಟ್ಟಿದೆ. ಕೇಳಿಸದಿದ್ದುದು ತಮ್ಮ ತಪ್ಪಲ್ಲ, ಕೋಣೆಯನ್ನು ಕಟ್ಟಿದ್ದೇ ಹಾಗೆ. ಕಡೆಗೆ ಚಹಾ ತಂದವನ ಹಿಂದೆ ನುಸುಳಿದೆ. ತಾವು ಪ್ರೀತಿಯಿಂದಲೇ ಎದುರಿನ ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿದಿರಿ. "ಇಡೀ ಬಿಲ್ಡಿಂಗಲ್ಲಿ ನೆಮ್ಮದಿಯಾಗಿ ಫೋನಲ್ಲಿ ಮಾತಾಡೋಕೆ ಇದೊಂದೇ ಜಾಗ ನೋಡಿ," ಎಂದಿರಿ. "ಮಕ್ಕಳದ್ದೇನು ಬಿಡಿ ಸಾರ್, ಬೆಳೀತಾ ಬೆಳೀತಾ ಸರಿಹೋಗುತ್ತೆ," ಎಂದೂ ಹರಸಿದಿರಿ. ಬೆಳೆಯುತ್ತಿದ್ದಾಳೆ. ಈಚೆಗೆ ಫ್ರಾಕು ಗಿಡ್ಡವಾಗಿದೆ. ಸರಿಹೋಗುವುದು ಯಾವಾಗ ಎಂಬುದೊಂದನ್ನು ತಿಳಿಸುವುದು ಮರೆತಿರಿ.

ಈ ಪತ್ರದ ಬೇಡಿಕೆ ಇಷ್ಟೇ: ಆ ಕೋಣೆಯನ್ನು ಮಕ್ಕಳಿಗೆ ಬಿಟ್ಟುಕೊಡಿ. ಕೊಡುತ್ತೀರೆಂಬ ಭ್ರಮೆ ನನಗಿಲ್ಲ. ಹೋಗಲಿ, ಬರುವ ಮಂಗಳವಾರ ಬೆಳಿಗ್ಗೆ ಚೂಟಿಯ ಕಿವಿಯನ್ನು ಅಳೆದು ಯಂತ್ರ ಹೊಂದಿಸುತ್ತಾರೆ. ಅದೂ ತಮ್ಮ ಆಸ್ಪತ್ರೆಯಲ್ಲೇ ಆಗಬೇಕಂತೆ, ಸರ್ಕಾರದ ಯಂತ್ರ ಸಿಗುವುದು ಅಲ್ಲಿ ಮಾತ್ರ. ಗದ್ದಲದಲ್ಲಿ ಅಳತೆ ತಪ್ಪಿದರೆ ಉಳಿದಿರುವ ಅಲ್ಪಸ್ವಲ್ಪವೂ ಹೋಯಿತು. ಅರ್ಧ ಗಂಟೆ ಕೋಣೆ ಬಿಡಬಹುದೇ? ಅಂದು ಆ ಕೋಣೆಯಲ್ಲಿ ಮೀಟಿಂಗ್ ಇದೆಯೆಂದು ಈಗಾಗಲೇ ತಿಳಿಯಿತು. ಇರಲಿ, ಕಾರಿಡಾರಿನಲ್ಲೇ ಕೂರುತ್ತೇವೆ. ಮೀಟಿಂಗಿಗೆ ಕಬ್ಬಿಣದ ಕುರ್ಚಿಗಳನ್ನು ಒಯ್ಯುವವರಿಗೆ ಒಂದು ಮಾತು ಹೇಳಿಬಿಡಿ: ನೆಲದ ಮೇಲೆ ಎಳೆಯುವುದು ಬೇಡ, ಎತ್ತಿಕೊಂಡು ಹೋಗಲಿ.

ಇಂತಿ,
ಇಷ್ಟು ಬರೆದರೂ ಏನೂ ಆಗದೆಂದು ಚೆನ್ನಾಗಿ ಬಲ್ಲ
ಒಬ್ಬ ಸೋದರಮಾವ